ಚಪ್ಪರದಲ್ಲಿ ಬಿಟ್ಟ 11 ಹೀರೆಕಾಯಿಗಳು: ಕಾಸರಗೋಡು ಜಿಲ್ಲಾ ಪಂಚಾಯತಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತಿನ ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳ ರಕ್ಷಕರಿಗೆ,

ಮಾನ್ಯರೇ,

ನಾನು ಬದಿಯಡ್ಕದ ಆಸುಪಾಸಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ವೃತ್ತಿ ಪರಿಚಯದ, ಅಂದರೆ ಕೈಕೆಲಸ ಕಲಿಸುವ, ಅಧ್ಯಾಪಿಕೆ. ಕಳೆದ ವರ್ಷ ನಮ್ಮ ಶಾಲೆಯ ತರಕಾರಿ ತೋಟವನ್ನು ನೋಡಲು ಬಂದಿದ್ದ ಅಧಿಕಾರಿಯೊಬ್ಬರು ಚಪ್ಪರದಲ್ಲಿ ಕೊಯ್ಯದೆ ಬಿಟ್ಟಿದ್ದ 11 ಹೀರೆಕಾಯಿಗಳನ್ನು ಎಣಿಸಿ, ತೋಟದ ಪುಸ್ತಕದಲ್ಲಿ ‘ಸಕಾಲದಲ್ಲಿ ಕೊಯ್ಯದೆ ಹಾಳಾದುದು’ ಎಂದು ಬರೆದು ಹೋದರು. ಲೆಕ್ಕದ ದೃಷ್ಟಿಯಿಂದ ಅವರು ಬರೆದುದರಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ಶಾಲಾ ತೋಟದ ಬೆಳೆ ಮಕ್ಕಳ ಮಧ್ಯಾಹ್ನದ ಊಟಕ್ಕೆ ಸಲ್ಲಬೇಕಾದುದು, ಮತ್ತು ಬಲಿತು ನಾರಾದ ಹೀರೆಕಾಯಿ ಯಾವ ಪಲ್ಯಕ್ಕೂ ಒದಗುವುದಿಲ್ಲ. ಆದರೆ ಆ 11 ಕಾಯಿಗಳನ್ನು ಯಾರೂ ಕೊಯ್ಯಲು ಮರೆತಿರಲಿಲ್ಲ. 9ನೇ ತರಗತಿಯ ಮಕ್ಕಳು ಒಂದೊಂದರ ತೊಟ್ಟಿಗೂ ಬಣ್ಣದ ನೂಲು ಕಟ್ಟಿ, ಇದು ಬಳ್ಳಿಯಲ್ಲೇ ಒಣಗಲಿ ಎಂದು ಆರಿಸಿ ಬಿಟ್ಟಿದ್ದರು. ಆ ಕಾಯಿಗಳಿಂದ ನಾವು ಏನನ್ನು ನೋಡಿ ತಿಳಿದೆವು, ತಿಳಿದುದನ್ನು ಹೇಗೆ ಕೈಯಲ್ಲಿ ಹಿಡಿಯುವ ವಸ್ತುವಾಗಿ ಮಾಡಿದೆವು ಎಂಬುದನ್ನು ತಮ್ಮೆಲ್ಲರ ಮುಂದಿಟ್ಟು, ಇಂತಹ ಕೆಲಸಕ್ಕೆ ಜಿಲ್ಲಾ ಪಂಚಾಯತಿನ ಅಧೀನದ ಪ್ರೌಢಶಾಲೆಗಳಲ್ಲಿ ಜಾಗ ಮಾಡಿಕೊಡಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ತರಕಾರಿಯ ಹೋಳನ್ನು ಬಣ್ಣಕ್ಕೆ ಅದ್ದಿ ಬಟ್ಟೆಯ ಮೇಲೆ ಅಚ್ಚೊತ್ತುವುದು ನಮ್ಮ ಶಾಲೆಗಳಿಗೆ ಹೊಸತಲ್ಲ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಒತ್ತಿದರೆ ಐದು ಮೂಲೆಯ ನಕ್ಷತ್ರ ಮೂಡುತ್ತದೆ, ಕರವಸ್ತ್ರದ ಅಂಚು ತುಂಬುತ್ತದೆ, ಮಕ್ಕಳಿಗೆ ಸಂತೋಷವಾಗುತ್ತದೆ. ನಾನೂ ಅನೇಕ ವರ್ಷ ಅಷ್ಟನ್ನೇ ಮಾಡಿಸಿ ತೃಪ್ತಳಾಗಿದ್ದೆ. ಮುಂದೆ ಹೋಗಬೇಕೆಂದು ಅನ್ನಿಸಿದ್ದು ಒಬ್ಬ ಹುಡುಗನ ಪ್ರಶ್ನೆಯಿಂದ: ‘ಟೀಚರ್, ತೊಟ್ಟಿನ ಹತ್ತಿರ ಕೊಯ್ದರೂ ತುದಿಯ ಹತ್ತಿರ ಕೊಯ್ದರೂ ಇದೇ ನಕ್ಷತ್ರವೇ?’ ಉತ್ತರ ನನಗೂ ತಿಳಿದಿರಲಿಲ್ಲ. ಮರುದಿನ ಶಾಲೆಯ ಅಡುಗೆಯಕ್ಕ ಮೆಟ್ಟುಕತ್ತಿಯ ಮುಂದೆ ಕುಳಿತು ಒಂದು ಬೆಂಡೆಕಾಯಿಯನ್ನು ತೊಟ್ಟಿನಿಂದ ತುದಿಯವರೆಗೆ ಸೆಂಟಿಮೀಟರಿಗೊಂದು ಹೋಳಿನಂತೆ ಕೊಯ್ದು ಕೊಟ್ಟರು, ಮತ್ತು ಮಕ್ಕಳು ಪ್ರತಿಯೊಂದು ಹೋಳನ್ನೂ ಕ್ರಮ ತಪ್ಪದಂತೆ ಪುಸ್ತಕದಲ್ಲಿ ಒತ್ತಿ ಅಡಿಯಲ್ಲಿ ಸಂಖ್ಯೆ ಬರೆದರು. ತೊಟ್ಟಿನ ಬಳಿಯ ಅಚ್ಚಿನಲ್ಲಿ ತಿರುಳೇ ಹೆಚ್ಚು, ಕೋಣೆಗಳು ಬರೀ ಚುಕ್ಕೆಗಳು. ನಡುವಿಗೆ ಬಂದಂತೆ ಐದು ಕೋಣೆಗಳು ಅಗಲವಾಗಿ ತೆರೆದುಕೊಂಡು, ಅವುಗಳ ನಡುವಣ ಗೋಡೆಗಳು ಕಾಗದದಷ್ಟು ತೆಳುವಾಗುತ್ತವೆ, ಬೀಜಗಳು ನಡುಗಂಬಕ್ಕೆ ಅಂಟಿಕೊಂಡು ಕೂತಿರುವುದು ಕಾಣುತ್ತದೆ. ತುದಿಯತ್ತ ಕೋಣೆಗಳು ಮತ್ತೆ ಮುಚ್ಚಿಕೊಂಡು ಐದು ಮೂಲೆಗಳೂ ಒಂದೆಡೆ ಕೂಡುತ್ತವೆ.

ಈ ಅಚ್ಚುಗಳನ್ನು ಐದು ಪಟ್ಟು ದೊಡ್ಡದಾಗಿ ರಟ್ಟಿನ ಮೇಲೆ ಬರೆದು, ಕತ್ತರಿಸಿ, ಒಂದರ ಮೇಲೊಂದು ಪೇರಿಸಿದರೆ ಒಳಗೂ ಹೊರಗೂ ನೋಡಬಹುದಾದ ದೊಡ್ಡ ಬೆಂಡೆಕಾಯಿ ಎದ್ದು ನಿಲ್ಲಬೇಕು. ಮೊದಲ ಸಲ ಹಾಗಾಗಲಿಲ್ಲ, ಕಾರಣ ನನ್ನದೇ ಅಜಾಗ್ರತೆ. ಐದು ಮೂಲೆಗಳೂ ಒಂದೇ ತರಹ ಇರುವುದರಿಂದ ಯಾವ ಹೋಳಿನ ಯಾವ ಮೂಲೆ ಯಾವುದರ ಮೇಲೆ ಬರಬೇಕೆಂದು ತಿಳಿಯದೆ, ಎರಡು ದಿನದ ಕೆಲಸವೆಲ್ಲ ಹಗ್ಗ ಹೊಸೆದಂತೆ ತಿರುಚಿಕೊಂಡಿತು. ಎರಡನೆಯ ಸಲ ಕೊಯ್ಯುವ ಮೊದಲೇ ಒಂದು ಏಣಿನ (ಕಾಯಿಯ ಹೊರಮೈಯ ಉಬ್ಬುಗೆರೆಯ) ಉದ್ದಕ್ಕೂ ಪೆನ್ನಿನಿಂದ ಗೆರೆ ಎಳೆದೆವು. ಆ ಗೆರೆಯ ಚುಕ್ಕೆ ಪ್ರತಿಯೊಂದು ಹೋಳಿನಲ್ಲೂ ಉಳಿದು ದಾರಿ ತೋರಿಸಿತು. ಕಟ್ಟಡದ ನಕ್ಷೆ ಬರೆಯುವವರೂ ಅಚ್ಚು ಎರಕ ಹೊಯ್ಯುವವರೂ ನಿತ್ಯ ಮಾಡುವ ಗುರುತು ಇದು, ಆದರೆ ನಮ್ಮ ಮಕ್ಕಳು ಅದರ ಅಗತ್ಯವನ್ನು ತಮ್ಮ ಕೈಯ ಸೋಲಿನಿಂದಲೇ ಕಂಡುಕೊಂಡರು.

ಎಣಿಕೆ ಒಮ್ಮೆ ಆರಂಭವಾದ ಮೇಲೆ ಮಕ್ಕಳನ್ನು ತಡೆಯಲಾಗಲಿಲ್ಲ. ಅಂಗಡಿಯ ಬೆಂಡೆಯಲ್ಲಿ ಐದು ಏಣು, ಮನೆಯ ಹಿತ್ತಿಲಿನಿಂದ ತಂದ ಊರ ಬೆಂಡೆಯಲ್ಲಿ ಏಳು, ಕೆಲವದರಲ್ಲಿ ಎಂಟು. ಏಣು ಎಷ್ಟೋ ಒಳಗಿನ ಕೋಣೆಯೂ ಅಷ್ಟೇ. ಹಾಗಾದರೆ ಹೀರೆಕಾಯಿಗೆ ಹತ್ತು ಏಣಿದೆ, ಒಳಗೆ ಹತ್ತು ಕೋಣೆ ಇರಬೇಕಲ್ಲವೇ ಎಂದು ಕೊಯ್ದು ನೋಡಿದರೆ ಸಿಕ್ಕಿದ್ದು ಮೂರೇ. ಹೂವನ್ನು ಬಿಡಿಸಿ ನೋಡಿದಾಗ ಹಳದಿ ಎಸಳು ಐದು, ಅದರ ಅಡಿಯ ಹಸಿರು ಎಸಳೂ ಐದು, ಎರಡೂ ಸೇರಿ ಹತ್ತು. ಬೆಂಡೆಯ ಏಣು ಒಳಗಿನ ಕೋಣೆಯ ಬೆನ್ನು. ಹೀರೆಯ ಏಣು ಒಳಗಿನ ಕೋಣೆಗಳ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಹೊರಗಿನಿಂದ ಒಂದೇ ತರಹ ಕಾಣುವ ಎರಡು ಏಣುಗಳು ಎರಡು ಬೇರೆ ಬೇರೆ ಕಟ್ಟಡಗಳಿಗೆ ಸೇರಿದವು ಎಂಬುದನ್ನು 14 ವರ್ಷದ ಮಗು ತಾನೇ ಕೊಯ್ದು ಎಣಿಸಿ ಕಂಡುಕೊಂಡರೆ, ಆ ತಿಳಿವಳಿಕೆ ಪರೀಕ್ಷೆಯ ಮರುದಿನ ಮರೆತುಹೋಗುವಂತಹದ್ದಲ್ಲ. ಒಣಗಿದ ಬೆಂಡೆಕಾಯಿ ಬಿರಿಯುವುದು ಏಣಿನ ಗೆರೆಯಲ್ಲೇ ಎಂದು ಗಮನಿಸಿದ ಒಂದು ತಂಡ, ಮಡಿಕೆಯ ಗೆರೆಯಲ್ಲಿ ಒತ್ತಿದರೆ ತೆರೆದುಕೊಳ್ಳುವ ರಟ್ಟಿನ ಬೀಜದ ಪೊಟ್ಟಣವನ್ನು ಮಾಡಿತು. ನಮ್ಮ ತೋಟದ ಬೀಜಗಳನ್ನು ಈಗ ಅದರಲ್ಲೇ ಇಡುತ್ತೇವೆ.

ಏಣು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಮಕ್ಕಳ ಮನೆಯ ಅಡುಗೆಕೋಣೆಯಿಂದ ಬಂತು. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವ ಮನೆಗಳಲ್ಲಿ ಕೆಸುವಿನ ಎಲೆಯನ್ನು ಕವುಚಿ ಹಾಕಿ, ಹಿಂಬದಿಯ ದಪ್ಪ ನರಗಳನ್ನು ಕತ್ತಿಯಿಂದ ಹೆರೆದು ತೆಗೆದ ಮೇಲೆಯೇ ಹಿಟ್ಟು ಹಚ್ಚುತ್ತಾರೆ. ನರ ಹೆರೆಯದ ಎಲೆಯನ್ನು ಸುತ್ತಲು ಹೋದರೆ ಅದು ಬಾಗುವುದಿಲ್ಲ, ಬಲವಂತ ಮಾಡಿದರೆ ಹರಿಯುತ್ತದೆ. ಅಂದರೆ ಎಲೆಯನ್ನು ಬಿಗಿಯಾಗಿ ಹಿಡಿದಿರುವುದು ಎಲೆಯ ಹಾಳೆಯಲ್ಲ, ಹಿಂಬದಿಯ ನರಗಳ ಚೌಕಟ್ಟು ಎಂಬ ವಿಷಯ ನಮ್ಮ ಅಮ್ಮಂದಿರಿಗೆ ಬೆರಳ ತುದಿಯಲ್ಲಿ ಗೊತ್ತಿದೆ. ಇದೇ ವಿಷಯವನ್ನು ಇಂಗ್ಲೆಂಡಿನ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ತನ್ನ ಕೊಳದ ದೈತ್ಯ ನೈದಿಲೆಯ ಎಲೆಯಲ್ಲಿ ಕಂಡ. ಎಲೆಯ ಅಡಿಯ ನರಗಳ ಜಾಲ ಎಷ್ಟು ಭಾರ ಹೊರಬಲ್ಲದೆಂದು ತಿಳಿಯಲು ತನ್ನ ಪುಟ್ಟ ಮಗಳನ್ನೇ ನೀರಿನ ಮೇಲಿನ ಆ ಎಲೆಯಲ್ಲಿ ನಿಲ್ಲಿಸಿದ. ಆ ನೈದಿಲೆಗೆಂದು ಆತ ಕಟ್ಟಿದ ಗಾಜಿನ ಮನೆಯ ಅನುಭವದಿಂದಲೇ 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಕಬ್ಬಿಣ ಮತ್ತು ಗಾಜಿನ ಬೃಹತ್ ಭವನ ಎದ್ದಿತು. ಕೆಸುವಿನ ಎಲೆಯ ಹಿಂಬದಿಯನ್ನು ಒಮ್ಮೆ ನೋಡಿದ ಮೇಲೆ ನಮ್ಮ ಮಕ್ಕಳಿಗೆ ಆ ಭವನದ ಚಿತ್ರ ಅಪರಿಚಿತವೆನಿಸಲಿಲ್ಲ. ಒಂದು ಹಾಳೆ ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟರೆ ಅದು ತನ್ನ ಭಾರಕ್ಕೇ ಜೋಲುತ್ತದೆ. ಅದನ್ನೇ ಹೀರೆಕಾಯಿಯ ಸಿಪ್ಪೆಯಂತೆ ಏಣು ಏಣಾಗಿ ಮಡಚಿ ಇಟ್ಟರೆ ಜ್ಯಾಮಿತಿ ಪೆಟ್ಟಿಗೆಯನ್ನು ಹೊರುತ್ತದೆ. ನಾವು ಊಟ ಮಾಡುವ ಅಡಕೆ ಹಾಳೆಯ ತಟ್ಟೆಯ ಅಂಚಿಗೆ ಅಲೆ ಅಲೆಯಾಗಿ ಮಡಿಕೆ ಕೊಡುವುದೂ ಚಂದಕ್ಕೆ ಮಾತ್ರವಲ್ಲ ಎಂದು ಆ ದಿನ ಮಕ್ಕಳೇ ನನಗೆ ಹೇಳಿದರು.

ಇನ್ನು ಆ 11 ಕಾಯಿಗಳ ವಿಷಯ. ಅವುಗಳಲ್ಲಿ 4 ಏಣಿನ ಹೀರೆ, 7 ನುಣುಪು ಸಿಪ್ಪೆಯ ತುಪ್ಪದ ಹೀರೆ. (ಚಪ್ಪರದಲ್ಲಿ ಎರಡನ್ನೂ ಗುರುತಿಸಲು ಕಾಯಿ ಮೂಡುವವರೆಗೆ ಕಾಯಬೇಕಾಗಿಲ್ಲ. ಹೀರೆಯ ಹೂವು ಸಂಜೆ ಅರಳುತ್ತದೆ, ತುಪ್ಪದ ಹೀರೆಯದು ಬೆಳಗ್ಗೆ.) ಕಾಯಿಯ ಸಿಪ್ಪೆ ಕಂದಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಸದ್ದು ಮಾಡುವ ಹೊತ್ತಿಗೆ ಅದನ್ನು ಇಳಿಸಿದೆವು. ಕಾಯಿಯ ಕೆಳತುದಿಯಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಒಣಗಿದ ಮೇಲೆ ಅದು ತಾನಾಗಿ ಕಳಚಿ, ನೇತಾಡುವ ಕಾಯಿಯಿಂದ ಕಪ್ಪು ಬೀಜಗಳು ಕೆಳಗೆ ಉದುರುತ್ತವೆ. ನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದು, ತೊಳೆದು ಬಿಸಿಲಿಗಿಟ್ಟಾಗ ಉಳಿದದ್ದು, ನಮ್ಮ ಬಚ್ಚಲುಮನೆಗಳಲ್ಲಿ ಮೈ ಉಜ್ಜಲು ಬಳಸುತ್ತಿದ್ದ ಅದೇ ನಾರಿನ ಗೂಡು. ಕಾಯಿ ಎಳೆಯದಾಗಿದ್ದಾಗ ನೀರನ್ನೂ ಆಹಾರವನ್ನೂ ಸಾಗಿಸಿದ ಸೂಕ್ಷ್ಮ ಕೊಳವೆಗಳ ಕಟ್ಟುಗಳೇ ಬಲಿತು ಗಟ್ಟಿಯಾಗಿ ಈ ನಾರಾಗುತ್ತವೆ.

ಈ ಗೂಡನ್ನು ನಾವು ಒಂದು ವಾರ ಬರೀ ನೋಡಿದೆವು, ಬರೆದೆವು, ಅಳೆದೆವು. ಭೌತಶಾಸ್ತ್ರದ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ ವರ್ನಿಯರ್ ಕ್ಯಾಲಿಪರನ್ನು ಕೇಳಿ ಪಡೆದೆವು. ಗೂಡಿನ ಹೊರಮೈಯ ನಾರು ಹೆಚ್ಚಾಗಿ ಸುತ್ತಲೂ ಓಡುತ್ತದೆ, ಮರದ ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಯ ಹಾಗೆ. ಉದ್ದಕ್ಕೆ ಸೀಳಿ ಒಳಗಿನ ಮೂರು ಕೊಳವೆಗಳ ಗೋಡೆಯನ್ನು ನೋಡಿದರೆ ಅಲ್ಲಿನ ನಾರು ತೊಟ್ಟಿನಿಂದ ತುದಿಗೆ ನೇರವಾಗಿ ಇಳಿಯುತ್ತದೆ. ಇವೆರಡರ ನಡುವೆ ಯಾವ ದಿಕ್ಕೆಂದು ಹೇಳಲಾಗದಂತೆ ಕವಲೊಡೆದ ಜಾಲವಿದ್ದು, ಅದು ಒಳಗನ್ನೂ ಹೊರಗನ್ನೂ ಹೆಣೆದು ಹಿಡಿದಿದೆ. ಒಂದು ತುಂಡನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಪಾಠಪುಸ್ತಕಗಳನ್ನು ಪೇರಿಸುತ್ತ ಹೋದಾಗ ಪುಸ್ತಕದ ರಾಶಿ ಓಲಾಡಿ ಬಿತ್ತೇ ಹೊರತು ತುಂಡು ಕುಸಿಯಲಿಲ್ಲ. ಅಡ್ಡ ಮಲಗಿಸಿ ಒತ್ತಿದರೆ ಚಪ್ಪಟೆಯಾಯಿತು, ನೀರಿಗೆ ಹಾಕಿದೊಡನೆ ಉಬ್ಬಿ ಮೊದಲಿನ ಆಕಾರಕ್ಕೆ ಬಂತು. ಎರಡನೆಯ ಮಹಾಯುದ್ಧಕ್ಕೆ ಮೊದಲು ಜಪಾನಿನಿಂದ ಅಮೆರಿಕಕ್ಕೆ ಹೋಗುತ್ತಿದ್ದ ತುಪ್ಪದ ಹೀರೆಯ ನಾರಿನ ದೊಡ್ಡ ಪಾಲು ಹಡಗಿನ ಯಂತ್ರಗಳ ಶೋಧಕಗಳಿಗೆ ಬಳಕೆಯಾಗುತ್ತಿತ್ತು ಎಂದು ಹೇಳಿದಾಗ ಮಕ್ಕಳು ನಂಬಲಿಲ್ಲ, ಗೂಡಿನ ಮೂಲಕ ಕೆಸರು ನೀರು ಹೊಯ್ದು ತಾವೇ ಪರೀಕ್ಷಿಸಿದರು. ಅಷ್ಟು ಹಗುರವಾಗಿದ್ದೂ ಪೆಟ್ಟನ್ನು ಹೀರಿಕೊಳ್ಳುವ ಇದರ ಗುಣವನ್ನು ವಸ್ತುವಿಜ್ಞಾನಿಗಳು ಇಂದು ಪ್ರಯೋಗಾಲಯಗಳಲ್ಲಿ ಅಳೆಯುತ್ತಿದ್ದಾರೆ.

ಒಬ್ಬ ಹುಡುಗಿಯ ಅಮ್ಮ ಅಡಕೆ ತೋಟಕ್ಕೆ ಸೊಪ್ಪು, ಗೊಬ್ಬರದ ಬುಟ್ಟಿಗಳನ್ನು ತಲೆಯ ಮೇಲೆ ಹೊರುವವರು. ಅಡಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆಯ ಮೇಲೆ ಬೈರಾಸನ್ನು (ಹೆಗಲ ವಸ್ತ್ರವನ್ನು) ಸಿಂಬೆ ಸುತ್ತಿ ಬುಟ್ಟಿ ಇಟ್ಟುಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಬೈರಾಸು ಒತ್ತಿ ಹಲಗೆಯಂತಾಗುತ್ತದೆ. ಒತ್ತಿದರೂ ಕುಸಿಯದ, ಗಾಳಿಯಾಡುವ ಸಿಂಬೆಯೊಂದನ್ನು ಮಾಡಬಹುದೇ ಎಂಬುದು ಆಕೆಯ ಪ್ರಶ್ನೆ. ಮೊದಲ ಸಿಂಬೆಯನ್ನು ಅವಳ ತಂಡ ತೆಂಗಿನ ನಾರಿನ ಹಗ್ಗವನ್ನು ಸುತ್ತಿ ಸುತ್ತಿ ಮಾಡಿತು. ಅಮ್ಮ ಅದನ್ನು ಎರಡೇ ದಿನದಲ್ಲಿ ಹಿಂದೆ ಕಳಿಸಿದರು, ಅದೂ ಬೈರಾಸಿನ ಹಾಗೆಯೇ ಚಪ್ಪಟೆಯಾಗಿತ್ತು. ಮಕ್ಕಳು ಮತ್ತೆ ಗೂಡಿನ ಅಡ್ಡಕೊಯ್ತದ ಚಿತ್ರಕ್ಕೆ ಹೋದರು. ಬುಟ್ಟಿಯ ಭಾರ ಮೇಲಿನಿಂದ ಕೆಳಕ್ಕೆ ಇಳಿಯುವಾಗ ನಮ್ಮ ನಾರೆಲ್ಲ ಅಡ್ಡಡ್ಡ ಮಲಗಿದೆ, ಹೀರೆಯ ಗೂಡಿನಲ್ಲಿ ಭಾರ ಹೊತ್ತದ್ದು ನಿಂತ ನಾರು ಎಂಬುದು ಅವರಿಗೆ ಹೊಳೆಯಿತು. ಎರಡನೆಯ ಸಿಂಬೆಯಲ್ಲಿ ನಾರಿನ ಗಿಡ್ಡ ಕಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗಿನಿಂದ ಹಗ್ಗದ ಸುತ್ತು ಬಿಗಿದು, ನಡುವೆ ಗಾಳಿಗೆ ಮೂರು ತೂತು ಬಿಟ್ಟರು. ಅದು ಕುಸಿಯಲಿಲ್ಲ, ಆದರೆ ಕಟ್ಟುಗಳು ಒಂದೊಂದಾಗಿ ಜಾರಿ ಹೊರಬಂದವು. ಆಗ ನೆನಪಾದದ್ದು ಗೂಡಿನ ನಡುವಿನ ದಿಕ್ಕಿಲ್ಲದ ಜಾಲ. ಮೂರನೆಯದರಲ್ಲಿ ಗೋಣಿ ಹೊಲಿಯುವ ದಬ್ಬಳದಿಂದ ಕಟ್ಟುಗಳನ್ನು ಒಂದಕ್ಕೊಂದು ಅಡ್ಡಾದಿಡ್ಡಿಯಾಗಿ ಹೊಲಿದು, ಮೇಲೆ ಹಳೆಯ ಬೈರಾಸಿನ ಬಟ್ಟೆಯನ್ನು ಹೊದಿಸಿದರು. ಆ ಸಿಂಬೆಯನ್ನು ಅಮ್ಮ ಈಗಲೂ ಬಳಸುತ್ತಿದ್ದಾರೆ. ಮಳೆಯಲ್ಲಿ ಒದ್ದೆಯಾದರೆ ಒಣಗಲು ತಡವಾಗುತ್ತದೆ ಎಂಬ ಅವರ ದೂರು ಇನ್ನೂ ಪರಿಹಾರವಾಗಿಲ್ಲ, ಈ ವರ್ಷದ ತಂಡ ಅದನ್ನೇ ಕೈಗೆತ್ತಿಕೊಂಡಿದೆ.

ಆ ಸಿಂಬೆಯನ್ನು ನೋಡಿದವರು ಇದರಲ್ಲಿ ಹೀರೆಕಾಯಿ ಎಲ್ಲಿದೆ ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ನನ್ನ ಮಾತಿನ ತಿರುಳು. ಹೀರೆಕಾಯಿಯಂತೆ ಕಾಣುವ ಹೂದಾನಿಯನ್ನೋ ದೀಪದ ಬುರುಡೆಯನ್ನೋ ಮಾಡುವುದಕ್ಕೆ ನನ್ನ ವಿರೋಧವಿಲ್ಲ, ಅದೂ ಕೈಗೆ ಕೆಲಸ. ಆದರೆ ಅದಕ್ಕೆ ಹೀರೆಕಾಯಿಯನ್ನು ಕೊಯ್ದು ನೋಡಬೇಕಾದ ಅಗತ್ಯವೇ ಇಲ್ಲ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಎಂಬ ಇಂಜಿನಿಯರು ತನ್ನ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿಕೊಂಡ ಬರ್ಡಾಕ್ ಗಿಡದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಆ ಗಿಡದ ಬೇರು ಜಪಾನಿನವರಿಗೆ ನಿತ್ಯದ ತರಕಾರಿ, ಅದರ ಕಾಯಿ ನಮ್ಮ ಉತ್ತರಣೆಯ ಕಾಯಿಯಂತೆ ದಾರಿಹೋಕರನ್ನು ಹಿಡಿದುಕೊಳ್ಳುತ್ತದೆ. ಮುಳ್ಳಿನ ತುದಿಯ ಕೊಕ್ಕೆಯನ್ನು ಕಂಡ ಆತ ಅನೇಕ ವರ್ಷ ದುಡಿದು ಮಾಡಿದ್ದು ಇಂದು ನಮ್ಮ ಮಕ್ಕಳ ಚಪ್ಪಲಿ, ಚೀಲಗಳಲ್ಲಿ ಚರ್ರನೆ ಬಿಚ್ಚುವ ವೆಲ್ಕ್ರೋ ಪಟ್ಟಿ. ಅದು ಮುಳ್ಳುಕಾಯಿಯಂತೆ ಎಳ್ಳಷ್ಟೂ ಕಾಣುವುದಿಲ್ಲ, ಮುಳ್ಳುಕಾಯಿ ಮಾಡುವ ಕೆಲಸವನ್ನು ಮಾಡುತ್ತದೆ. ನಮ್ಮ ಸಿಂಬೆಯೂ ಅದೇ ಜಾತಿಯದು. ಶಾಲಾ ವೃತ್ತಿ ಪರಿಚಯ ಮೇಳಗಳಲ್ಲಿ ಮಕ್ಕಳು ಸ್ಥಳದಲ್ಲೇ ಕುಳಿತು ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸುವ ವಸ್ತುವಿನ ಅಚ್ಚುಕಟ್ಟಿಗೆ ಅಂಕ ಸಿಗುತ್ತದೆ, ಸಿಗಲಿ. ಆದರೆ ಎರಡು ಸಲ ಕೆಟ್ಟು ನಾಲ್ಕು ತಿಂಗಳಲ್ಲಿ ನೆಟ್ಟಗಾದ ವಸ್ತುವಿಗೆ, ಅದರ ಹಿಂದಿನ ಅಚ್ಚುಗಳ ಪುಸ್ತಕಕ್ಕೆ, ಅಂತಹ ಮೇಜಿನ ಮೇಲೆ ಜಾಗವಿಲ್ಲ.

ದೇಶದ ಹಲವು ಶಾಲೆಗಳಿಗೆ 2016ರಿಂದ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ, ಪ್ಲಾಸ್ಟಿಕ್ಕಿನಲ್ಲಿ ವಸ್ತುಗಳನ್ನು ಪದರ ಪದರವಾಗಿ ಮುದ್ರಿಸುವ ಯಂತ್ರಗಳಿವೆ. ಬೆಂಡೆಕಾಯಿಯ ಹೋಳುಗಳನ್ನು ಪೇರಿಸಿದ ಮಗುವಿಗೆ ಆ ಯಂತ್ರದ ಕೆಲಸ ನೋಡಿದೊಡನೆ ಅರ್ಥವಾಗುತ್ತದೆ, ಏಕೆಂದರೆ ಯಂತ್ರವೂ ಮಾಡುವುದು ಅಡ್ಡಕೊಯ್ತಗಳನ್ನು ಒಂದರ ಮೇಲೊಂದು ಇಡುವುದನ್ನೇ. ಮುದ್ರಿಸಲು ತನ್ನದೇ ಆದ ಆಕಾರವೊಂದು ಆ ಮಗುವಿನ ಪುಸ್ತಕದಲ್ಲಿರುತ್ತದೆ.

ಆದುದರಿಂದ ನನ್ನ ಬೇಡಿಕೆ ದೊಡ್ಡ ಹಣದ್ದಲ್ಲ. ಶಾಲಾ ತೋಟದ ಪುಸ್ತಕದಲ್ಲಿ ‘ಕೊಯ್ದುದು’, ‘ಹಾಳಾದುದು’ ಎಂಬ ಎರಡು ಅಂಕಣಗಳ ಜೊತೆಗೆ ‘ಅಧ್ಯಯನಕ್ಕೆ ಬಿಟ್ಟುದು’ ಎಂಬ ಮೂರನೆಯ ಅಂಕಣ ಇರಲಿ, ಪ್ರತಿ ಬಳ್ಳಿಯಲ್ಲಿ ಕೆಲವು ಕಾಯಿಗಳನ್ನು ಬಲಿಯಲು ಬಿಡುವ ಸ್ವಾತಂತ್ರ್ಯ ಅಧ್ಯಾಪಕರಿಗಿರಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ನೆಲದಲ್ಲಿ ಮಳೆಗಾಲದ ಕಾಯಿ ಒಣಗುವ ಮೊದಲೇ ಬೂಷ್ಟು ಹಿಡಿದು ನಾರು ಕಪ್ಪಾಗುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಇನ್ನೊಂದು ಬಿತ್ತನೆಗೆ ಬೀಜ ಒದಗಿಸಿದರೆ ಮಾರ್ಚ್ ಪರೀಕ್ಷೆಗೆ ಮೊದಲು ಗೂಡು ಕೈಗೆ ಬರುತ್ತದೆ. ವಿಜ್ಞಾನದ ಕಪಾಟಿನ ಅಳತೆಯ ಸಾಧನಗಳು ವೃತ್ತಿ ಪರಿಚಯದ ತರಗತಿಗೂ ಸಿಗಲಿ. ಮೇಳದ ನಿಯಮಗಳನ್ನು ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ, ಆದರೆ ವರ್ಷಕ್ಕೊಂದು ದಿನ ತಮ್ಮ ಅಧೀನದ ಶಾಲೆಗಳ ಮಕ್ಕಳು ವಸ್ತುವನ್ನೂ ಅದರ ಪುಸ್ತಕವನ್ನೂ ಕೆಟ್ಟುಹೋದ ಮಾದರಿಗಳನ್ನೂ ಒಟ್ಟಿಗೆ ಇಟ್ಟು ತೋರಿಸುವ ಪ್ರದರ್ಶನವೊಂದನ್ನು ಏರ್ಪಡಿಸುವುದು ತಮ್ಮಿಂದ ಸಾಧ್ಯ. ಅದಕ್ಕೆ ಅಡಕೆ ತೋಟದ ಕೆಲಸಗಾರರನ್ನೂ ಬುಟ್ಟಿ ಹೆಣೆಯುವವರನ್ನೂ ಶಾಲೆಯ ಅಡುಗೆಯಕ್ಕಂದಿರನ್ನೂ ಅಭಿಪ್ರಾಯ ಹೇಳಲು ಕರೆಯಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಹಸಿ ಹಾಳೆಯನ್ನು ಎತ್ತ ಮಡಚಿದರೆ ಸೀಳುತ್ತದೆ, ಎತ್ತ ಮಡಚಿದರೆ ಮುಟ್ಟಾಳೆಯಾಗುತ್ತದೆ ಎಂದು ಬಲ್ಲವರು ಅವರು.

ಇನ್ನೊಂದು ಮಾತು. ಕೈಕೆಲಸದ ಕೈಪಿಡಿಗಳು ನಮ್ಮ ಕೈಸೇರುವಾಗ ಹೆಚ್ಚಾಗಿ ಮಲೆಯಾಳದಲ್ಲಿರುತ್ತವೆ. ಈ ಕೆಲಸಕ್ಕೆ ಬೇಕಾದ ಮಾತುಗಳೆಲ್ಲ, ಏಣು, ನಾರು, ತಿರುಳು, ಗೂಡು, ತೊಟ್ಟು, ಅಡ್ಡಕೊಯ್ತ, ನೀಳಕೊಯ್ತ, ಕನ್ನಡದಲ್ಲಿ ಸಿದ್ಧವಾಗಿಯೇ ಇವೆ. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ತಮ್ಮ ತಮ್ಮ ಮಾತುಗಳನ್ನು ಅವುಗಳ ಪಕ್ಕದಲ್ಲಿ ಪುಸ್ತಕದಲ್ಲಿ ಬರೆದಿದ್ದಾರೆ. ನಾಲ್ಕಾರು ಶಾಲೆಗಳ ಅಧ್ಯಾಪಕರನ್ನು ಎರಡು ದಿನ ಒಟ್ಟಿಗೆ ಕೂರಿಸಿದರೆ ಕನ್ನಡದ ಕೈಪಿಡಿಯೊಂದು ಸಿದ್ಧವಾಗುತ್ತದೆ. ನಮ್ಮ ಮಕ್ಕಳ ಪುಸ್ತಕಗಳನ್ನು ಅದಕ್ಕೆ ಕೊಡಲು ನಾವು ಸಿದ್ಧರಿದ್ದೇವೆ.

ರಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಮನೆಯಲ್ಲಿ ಹಾಗಲಕಾಯಿಯನ್ನೋ ಗುಜ್ಜೆಯನ್ನೋ (ಎಳೆ ಹಲಸಿನಕಾಯಿಯನ್ನೋ) ಕೊಯ್ಯುವಾಗ ಹತ್ತಿರ ನಿಂತು ನೋಡುತ್ತೇನೆಂದರೆ, ಒಂದು ಹೋಳನ್ನು ಪುಸ್ತಕಕ್ಕೆ ಒತ್ತಿಕೊಳ್ಳುತ್ತೇನೆಂದರೆ, ಓದು ಬಿಟ್ಟು ಆಡುತ್ತಿದೆ ಎಂದು ದಯವಿಟ್ಟು ಗದರಬೇಡಿ.

ಈ ವರ್ಷ ನಮ್ಮ ಚಪ್ಪರದಲ್ಲಿ 14 ಕಾಯಿಗಳಿಗೆ ನೂಲು ಕಟ್ಟಿದ್ದೇವೆ. ಅವುಗಳಲ್ಲಿ ಎರಡರ ತುದಿ ಆಗಲೇ ಕಂದಾಗತೊಡಗಿದೆ. ಅವನ್ನು ತೋಟದ ಪುಸ್ತಕದ ಯಾವ ಅಂಕಣದಲ್ಲಿ ಬರೆಯಬೇಕೆಂದು ತಾವು ತಿಳಿಸಿದರೆ ಮಕ್ಕಳಿಂದ ಹಾಗೆಯೇ ಬರೆಸುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ವೃತ್ತಿ ಪರಿಚಯ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ